ಕಿಮೋ ಬೆರೆಸುವ ಕೈಗಳು

ಉತ್ತರ ಕನ್ನಡದ ಜೊಯಿಡಾ ತಾಲ್ಲೂಕಿನಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾದವರಿಗೆ ರೋಗದಷ್ಟೇ ದೊಡ್ಡ ಚಿಂತೆ ದಾರಿಯದು. ಡಿಗ್ಗಿ, ಬಜಾರಕುಣಂಗದ ಕಡೆಯ ಕುಣಬಿ ಮನೆಯವರು ಮೊದಲು ಜೊಯಿಡಾ ಪೇಟೆಗೆ ಬರಬೇಕು. ಅಲ್ಲಿಂದ ದಾಂಡೇಲಿ, ಹಳಿಯಾಳ ದಾಟಿ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಮುಟ್ಟಬೇಕು. ಜೊಯಿಡಾದಿಂದ ಲೆಕ್ಕ ಹಿಡಿದರೂ ಅದು ಹೆಚ್ಚುಕಡಿಮೆ ನೂರು ಕಿಲೋಮೀಟರ್. ರಾಮನಗರ, ಕ್ಯಾಸಲ್‌ರಾಕ್ ಕಡೆಯವರು ಬೆಳಗಾವಿಗೋ ಗೋವಾದ ಬಾಂಬೋಳಿಗೋ ಹೋಗುತ್ತಾರೆ. ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಅಣಶಿ ಘಟ್ಟ ಇಳಿಯಬೇಕು. ಮಳೆ ಜೋರಾಗಿ ಗುಡ್ಡ ಜರಿದರೆ ಆ ದಾರಿಯೂ ಬಂದ್. 2011ರ ಜನಗಣತಿಯಲ್ಲಿ ಸುಮಾರು 52 ಸಾವಿರ ಜನರಿದ್ದ ಈ ತಾಲ್ಲೂಕು ಕಾಡಿನೊಳಗೆ ಚದುರಿ ಹೋಗಿದೆ. ಮೂರು ವಾರಕ್ಕೊಮ್ಮೆ ಕಿಮೋ, ಅದೂ ನಾಲ್ಕಾರು ಸುತ್ತು ಎಂದರೆ ರೋಗಿಯ ಜೊತೆಗೆ ಮನೆಯ ಇನ್ನೊಬ್ಬರ ಕೂಲಿಯೂ ಹೋಯಿತು. ಎರಡು ಮೂರು ಸುತ್ತು ಮುಗಿಸಿ, ಹಣ ಮತ್ತು ತ್ರಾಣ ಎರಡೂ ಸೋತು, ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವವರು ಇಂಥ ಊರುಗಳವರೇ.

ಹಾಗಾಗಿ ಕಿಮೋ ಹತ್ತಿರದಲ್ಲೇ ಸಿಗಬೇಕೆಂಬುದು ಪೂರಾ ನ್ಯಾಯದ ಬೇಡಿಕೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಉರುಳಿ ನಾಲ್ವರು ಸತ್ತಾಗ ಉತ್ತರ ಕನ್ನಡ ಜಿಲ್ಲೆಯೇ ಒಂದಾಗಿ ಸುಸಜ್ಜಿತ ಆಸ್ಪತ್ರೆ ಕೇಳಿತ್ತು. ಕ್ಯಾನ್ಸರಿನ ಮಟ್ಟಿಗೆ ಸರ್ಕಾರಗಳು ಈಗ ಆ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿವೆ. ಮೂರು ವರ್ಷದೊಳಗೆ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025-26ರ ಕೇಂದ್ರ ಬಜೆಟ್ ಹೇಳಿತು. ಮೊದಲ ವರ್ಷಕ್ಕೆ 200 ಕೇಂದ್ರಗಳ ಗುರಿ. ಕರ್ನಾಟಕ ಅದೇ ವರ್ಷ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋ ಶುರು ಮಾಡಿತು. ಯಾವ ಔಷಧಿ, ಎಷ್ಟು, ಎಷ್ಟು ಸುತ್ತು ಎಂಬುದನ್ನು ದೊಡ್ಡ ಆಸ್ಪತ್ರೆಯ ತಜ್ಞರು ನಿರ್ಧರಿಸಿದ ಮೇಲೆ, ಉಳಿದ ಸುತ್ತುಗಳನ್ನು ಊರಿಗೆ ಹತ್ತಿರದ ಆಸ್ಪತ್ರೆಯಲ್ಲಿ ಕೊಟ್ಟು ಸಂಜೆಗೆ ಮನೆಗೆ ಕಳಿಸುವುದು ಇದರ ಆಶಯ. ಜೊಯಿಡಾದಂಥ ತಾಲ್ಲೂಕಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೊಂದಿಲ್ಲ.

ಆದರೆ ಔಷಧಿ ಜಿಲ್ಲೆಗೆ ಬಂದರೆ ಸಾಲದು, ಅದನ್ನು ಯಾರಾದರೂ ಬೆರೆಸಬೇಕು. ಪುಡಿಯನ್ನು ಕರಗಿಸಿ, ಅಳೆದು, ಸಲೈನ್ ಬಾಟಲಿಗೆ ಸೇರಿಸಿ, ರೋಗಿಯ ನರಕ್ಕೆ ಹನಿಸಿ, ಮುಗಿದ ಮೇಲೆ ಬಾಟಲಿ ಬಿಚ್ಚಬೇಕು. ದೊಡ್ಡ ಕ್ಯಾನ್ಸರ್ ಸಂಸ್ಥೆಗಳಲ್ಲಿ ಬೆರೆಸುವುದಕ್ಕೆಂದೇ ಪ್ರತ್ಯೇಕ ಕೋಣೆ ಮತ್ತು ಫಾರ್ಮಸಿಸ್ಟ್ ಇರುತ್ತಾರೆ. ಸಣ್ಣ ಆಸ್ಪತ್ರೆಯಲ್ಲಿ ಇಷ್ಟೂ ಕೆಲಸ ಬೀಳುವುದು ವಾರ್ಡಿನ ಸಿಸ್ಟರ್ ಮೇಲೆ. ಕಿಮೋ ವಿಕೇಂದ್ರೀಕರಣವಾದಷ್ಟೂ ಅದರ ಅಪಾಯವೂ ವಿಕೇಂದ್ರೀಕರಣವಾಗುತ್ತದೆ. ಅಪಾಯ ತಡೆಯುವ ವ್ಯವಸ್ಥೆ ಹಿಂದುಳಿದು ಔಷಧಿ ಮಾತ್ರ ಮುಂದೆ ಹೋದರೆ, ರೋಗಿಗೆ ಉಳಿಸಿಕೊಟ್ಟ ದಾರಿಯ ಖರ್ಚನ್ನು ಸಿಸ್ಟರ್ ತನ್ನ ಆರೋಗ್ಯದಿಂದ ತುಂಬಬೇಕಾಗುತ್ತದೆ. ಡೇ ಕೇರ್ ಕೇಂದ್ರದ ಮಂಚ, ಔಷಧಿ, ವೈದ್ಯರ ಲೆಕ್ಕ ಹಾಕುವಾಗ ಸಿಸ್ಟರ್ ರಕ್ಷಣೆಯ ಲೆಕ್ಕವೂ ಅದೇ ಪಟ್ಟಿಯಲ್ಲಿ, ಅದೇ ದಿನ ಇರಬೇಕು.

ಈ ಔಷಧಿಗಳ ಹುಟ್ಟು ನೆನೆದರೆ ಇಷ್ಟು ಒತ್ತಾಯ ಏಕೆಂದು ತಿಳಿಯುತ್ತದೆ. ಎರಡನೇ ಮಹಾಯುದ್ಧದ ಕಾಲ. 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗುಡ್‌ಮನ್ ಮತ್ತು ಗಿಲ್ಮನ್ ವಿಷಾನಿಲಗಳ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಸಾಸಿವೆ ಅನಿಲದ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡ್ ಅನ್ನು ದುಗ್ಧಗ್ರಂಥಿಯ ಕ್ಯಾನ್ಸರ್ ಇದ್ದ ರೋಗಿಗೆ ಕೊಟ್ಟಾಗ ಗಡ್ಡೆ ಕರಗಿತು. ಮರುವರ್ಷ ಡಿಸೆಂಬರ್ 2ರಂದು ಜರ್ಮನ್ ವಿಮಾನಗಳು ಇಟಲಿಯ ಬಾರಿ ಬಂದರಿನ ಮೇಲೆ ಬಾಂಬ್ ಹಾಕಿದವು. ಅಲ್ಲಿದ್ದ ಜಾನ್ ಹಾರ್ವೆ ಎಂಬ ಅಮೆರಿಕನ್ ಹಡಗಿನಲ್ಲಿ ಗುಟ್ಟಾಗಿ ತಂದಿಟ್ಟ ಸಾಸಿವೆ ಅನಿಲದ ಬಾಂಬುಗಳಿದ್ದವು. ವಿಷ ತಗುಲಿದವರ ರಕ್ತದಲ್ಲಿ ಬಿಳಿ ಕಣಗಳು ಕುಸಿದದ್ದನ್ನು ಸೇನಾ ವೈದ್ಯ ಸ್ಟೂವರ್ಟ್ ಅಲೆಗ್ಸಾಂಡರ್ ದಾಖಲಿಸಿದರು. ವೇಗವಾಗಿ ಒಡೆದು ಬೆಳೆಯುವ ಜೀವಕೋಶಗಳನ್ನು ಇಂಥ ರಾಸಾಯನಿಕ ಹೊಡೆದು ಹಾಕುತ್ತದೆ ಎಂಬ ತಿಳಿವಳಿಕೆ ಇಲ್ಲಿಂದ ಗಟ್ಟಿಯಾಯಿತು. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮತ್ತು ಸಂಗಡಿಗರು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ರೂಪಿಸಿದ ಔಷಧಿಗಳನ್ನು ಸಿಡ್ನಿ ಫಾರ್ಬರ್ 1947-48ರಲ್ಲಿ ರಕ್ತಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟರು. ಮುಂದೆ ನಮ್ಮ ಹಿತ್ತಲಿನ ನಿತ್ಯಪುಷ್ಪದ ಗಿಡದಿಂದಲೂ ವಿನ್‌ಕ್ರಿಸ್ಟಿನ್ ಬಂತು. ಇವು ಲಕ್ಷಾಂತರ ಜೀವ ಉಳಿಸಿವೆ, ಇಂದಿಗೂ ಉಳಿಸುತ್ತಿವೆ.

ಆದರೆ ಈ ಔಷಧಿಗಳಲ್ಲಿ ಹೆಚ್ಚಿನವಕ್ಕೆ ಗಡ್ಡೆ ಯಾವುದು, ಗಟ್ಟಿಮುಟ್ಟಾದ ಜೀವಕೋಶ ಯಾವುದು ಎಂಬ ಭೇದವಿಲ್ಲ. ರೋಗಿಯ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ರಕ್ತಕಣ ಇಳಿಯುವುದು ಇದೇ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸೈಕ್ಲೋಫಾಸ್ಫಮೈಡ್, ಮೆಲ್ಫಲಾನ್, ಬುಸಲ್ಫಾನ್, ಕ್ಲೋರಾಂಬುಸಿಲ್‌ಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿನಲ್ಲೇ ಇಟ್ಟಿದೆ. ತಂಬಾಕಿನ ಹೊಗೆ, ಕಲ್ನಾರು ಇರುವುದೂ ಆ ಗುಂಪಿನಲ್ಲೇ. ಡಾಕ್ಸೋರುಬಿಸಿನ್, ಸಿಸ್‌ಪ್ಲಾಟಿನ್‌ಗಳು ಅದರ ನಂತರದ ಗುಂಪಿನಲ್ಲಿವೆ. ರೋಗಿ ಈ ಅಪಾಯವನ್ನು ತಿಳಿದೇ ಒಪ್ಪಿಕೊಳ್ಳುತ್ತಾರೆ, ಏಕೆಂದರೆ ಎದುರಿಗಿರುವುದು ಸಾವು. ಅದೇ ಔಷಧಿ ಸಿಸ್ಟರ್ ಮೈಗೆ ಹನಿಹನಿಯಾಗಿ, ವರ್ಷಗಟ್ಟಲೆ ಸೇರಿದರೆ ಅವರಿಗೆ ಅದರಿಂದ ಆಗುವ ಉಪಕಾರ ಸೊನ್ನೆ. ರೋಗಿಗೆ ಸರಿಹೋಗುವ ತಕ್ಕಡಿ ಸಿಸ್ಟರ್‌ಗೆ ಸರಿಹೋಗುವುದೇ ಇಲ್ಲ. ಈ ಪ್ರಶ್ನೆಯ ನೈತಿಕ ತಿರುಳು ಇದು.

ಹನಿ ಎಲ್ಲಿಂದ ಸೇರುತ್ತದೆ? ಸೈಕ್ಲೋಫಾಸ್ಫಮೈಡ್ ಸಣ್ಣ ಗಾಜಿನ ವಯಲ್‌ನಲ್ಲಿ ಬಿಳಿ ಪುಡಿಯಾಗಿ ಬರುತ್ತದೆ. ಸಿಸ್ಟರ್ ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿ ನೀರು ತುಂಬಿ ಅಲುಗಾಡಿಸುತ್ತಾರೆ. ಒಳಗೆ ನೀರು ಹೋದಷ್ಟೂ ಗಾಳಿ ಒತ್ತಿಕೊಂಡು ನಿಲ್ಲುತ್ತದೆ. ಸೂಜಿ ಹೊರಗೆಳೆದ ಕ್ಷಣ ಆ ಒತ್ತಡಕ್ಕೆ ರಂಧ್ರದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ತುಂತುರು ಚಿಮ್ಮುತ್ತದೆ. ವಯಲ್ ಆಗ ಮುಖದಿಂದ ಒಂದು ಗೇಣು ದೂರದಲ್ಲಿರುತ್ತದೆ. ಆಮೇಲೆ ಸಿರಿಂಜ್ ಮೇಲೆತ್ತಿ, ಉಗುರಿನಿಂದ ತಟ್ಟಿ, ಗಾಳಿ ತೆಗೆಯಲು ಒಂದು ಹನಿ ಹೊರಚೆಲ್ಲುತ್ತಾರೆ. ಬೇರೆ ಎಲ್ಲ ಇಂಜೆಕ್ಷನ್‌ಗೂ ಇದೇ ಅಭ್ಯಾಸ, ಕೈ ತಾನಾಗಿ ಮಾಡಿಬಿಡುತ್ತದೆ. ಬಾಟಲಿಗೆ ಔಷಧಿ ಸೇರಿಸಿದ ಮೇಲೆ ಡ್ರಿಪ್ ಸೆಟ್ ಚುಚ್ಚಿ ಕೊಳವೆಯ ತುದಿಯವರೆಗೂ ದ್ರವ ಹರಿಸಿ ನೋಡುವಾಗ ಮತ್ತೆ ಹನಿ ಕೆಳಗೆ. ಮುಗಿದ ಮೇಲೆ ಖಾಲಿ ಬಾಟಲಿಯಿಂದ ಕೊಳವೆ ಕೀಳುವಾಗ ಇನ್ನೊಂದು ಹನಿ. ಒಣಗಿದರೆ ಯಾವ ಗುರುತೂ ಇರುವುದಿಲ್ಲ. ಟ್ರೇ, ಮೇಜು, ಬಾಗಿಲ ಹಿಡಿಕೆ, ಕೇಸ್‌ಶೀಟ್, ಪೆನ್ನು, ಮೊಬೈಲ್ ಹೀಗೆ ಕೈಯಿಂದ ಕೈಗೆ ಅದು ಹೋಗುತ್ತದೆ. ಕಾರ್ಖಾನೆಯಿಂದ ಬಂದ ವಯಲ್‌ನ ಹೊರಮೈ ಮೇಲೂ ಔಷಧಿಯ ಅಂಶ ಅಂಟಿರುವುದನ್ನು ಹಲವು ದೇಶಗಳ ಪರೀಕ್ಷೆಗಳು ಕಂಡುಕೊಂಡಿವೆ. ಸೀಲು ಒಡೆಯುವ ಮುಂಚೆಯೇ ಅಪಾಯ ಶುರುವಾಗಿರುತ್ತದೆ.

ಸಿಸ್ಟರ್ ಮುಖದ ಮೇಲಿನ ಸಾಮಾನ್ಯ ಸರ್ಜಿಕಲ್ ಮಾಸ್ಕ್ ಈ ತುಂತುರನ್ನು ತಡೆಯುವುದಿಲ್ಲ. ಪರೀಕ್ಷೆಗೆಂದು ತಂದ ತೆಳು ಗ್ಲೌಸ್‌ನ ಮೂಲಕ ಹಲವು ಕಿಮೋ ಔಷಧಿಗಳು ನಿಮಿಷಗಳಲ್ಲಿ ಒಳಗಿಳಿಯುತ್ತವೆ. ಈ ಔಷಧಿಗೆಂದೇ ಪರೀಕ್ಷಿಸಿದ ಗ್ಲೌಸ್ ಬೇಕು, ಒಂದರ ಮೇಲೊಂದು ಎರಡು ಜೋಡಿ ಹಾಕಬೇಕು, ಅರ್ಧ ಗಂಟೆಗೊಮ್ಮೆ ಬದಲಿಸಬೇಕು. ವಿಪರ್ಯಾಸವೆಂದರೆ, ಔಷಧಿಗೆ ಧೂಳು ಸೇರದಿರಲೆಂದು ತಂದ ಕೆಲವು ಯಂತ್ರಗಳೇ ಕೆಲಸಗಾರರಿಗೆ ಮುಳುವಾದದ್ದೂ ಉಂಟು: ಶುದ್ಧ ಗಾಳಿಯನ್ನು ಅಡ್ಡಡ್ಡಲಾಗಿ ಬೀಸುವ ಕ್ಯಾಬಿನೆಟ್ ಔಷಧಿಯ ಕಣಗಳನ್ನು ನೇರವಾಗಿ ಎದುರು ಕೂತವರ ಮುಖಕ್ಕೆ ತಳ್ಳುತ್ತಿತ್ತು. ಗಾಳಿಯನ್ನು ಮೇಲಿನಿಂದ ಕೆಳಕ್ಕೆ ಹರಿಸಿ, ಸೋಸಿ, ಕಟ್ಟಡದ ಹೊರಗೆ ಬಿಡುವ ಸುರಕ್ಷತಾ ಕ್ಯಾಬಿನೆಟ್ ಬೇಕೆಂಬುದು ಈ ಪಾಠದಿಂದ ಬಂದ ನಿಯಮ.

ಈ ಅಪಾಯ ಬರೀ ಊಹೆಯಲ್ಲ. 1979ರಲ್ಲಿ ಫಿನ್ಲೆಂಡಿನ ಕಾಯ್ ಫಾಲ್ಕ್ ಮತ್ತು ಸಂಗಡಿಗರು, ಕಿಮೋ ಕೊಡುವ ನರ್ಸ್‌ಗಳ ಮೂತ್ರದಲ್ಲಿ ವಂಶವಾಹಿಗೆ ಧಕ್ಕೆ ತರುವ ಗುಣ ಕಂಡದ್ದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1985ರಲ್ಲಿ ಅದೇ ದೇಶದ 17 ಆಸ್ಪತ್ರೆಗಳ ನರ್ಸ್‌ಗಳ ಅಧ್ಯಯನ ಬಂತು. ಬಸಿರಿನ ಮೊದಲ ಮೂರು ತಿಂಗಳಲ್ಲಿ ಈ ಔಷಧಿಗಳೊಂದಿಗೆ ಕೆಲಸ ಮಾಡಿದವರಲ್ಲಿ ಗರ್ಭ ಕಳೆದುಕೊಳ್ಳುವ ಸಂಭವ ಎರಡು ಪಟ್ಟಿಗೂ ಮೀರಿ ಹೆಚ್ಚಿತ್ತು. 2012ರಲ್ಲಿ ಅಮೆರಿಕದ ಸಾವಿರಾರು ನರ್ಸ್‌ಗಳ ಮಾಹಿತಿ ನೋಡಿದವರಿಗೂ ಸುಮಾರು ಎರಡು ಪಟ್ಟು ಎಂಬ ಉತ್ತರವೇ ಸಿಕ್ಕಿತು. ನಮ್ಮ ಹತ್ತಿರದ ಸಾಕ್ಷ್ಯವೂ ಇದೆ. ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ದಕ್ಷಿಣ ಭಾರತದ ಆಸ್ಪತ್ರೆಗಳ ಕ್ಯಾನ್ಸರ್ ವಾರ್ಡಿನ ನರ್ಸ್‌ಗಳನ್ನೂ ಅಷ್ಟೇ ಸಂಖ್ಯೆಯ ಬೇರೆ ಮಹಿಳೆಯರನ್ನೂ ಹೋಲಿಸಿ 2007ರಲ್ಲಿ ವರದಿ ಮಾಡಿದರು: ಕಿಮೋ ಕೊಡುವವರ ರಕ್ತಕಣಗಳಲ್ಲಿ ಡಿಎನ್‌ಎಗೆ ಆದ ಹಾನಿ ಎದ್ದು ಕಾಣುವಷ್ಟು ಹೆಚ್ಚಾಗಿತ್ತು.

ಇದರ ಇನ್ನೊಂದು ಮಗ್ಗುಲನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2005ರ ಒಂದು ವಿಶ್ಲೇಷಣೆಯಲ್ಲಿ ಗರ್ಭಪಾತದ ಅಪಾಯ ಒಂದೂವರೆ ಪಟ್ಟಿನಷ್ಟು ಕಂಡಿತು. ಮಗುವಿನ ಅಂಗವೈಕಲ್ಯದ ಬಗ್ಗೆ ಅಂಥ ಸ್ಪಷ್ಟ ಸಂಬಂಧ ಸಿಗಲಿಲ್ಲ. ನರ್ಸ್‌ಗಳಲ್ಲಿ ಕ್ಯಾನ್ಸರ್ ಹೆಚ್ಚುತ್ತದೆಯೇ ಎಂಬುದಕ್ಕೂ ಖಚಿತ ಅಂಕಿಯಿಲ್ಲ. ಕ್ಯಾನ್ಸರ್ ಮೈಯಲ್ಲಿ ಬೆಳೆಯಲು ಹತ್ತಿಪ್ಪತ್ತು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಸಿಸ್ಟರ್ ವಾರ್ಡ್ ಬದಲಿಸಿರುತ್ತಾರೆ, ಊರು ಬಿಟ್ಟಿರುತ್ತಾರೆ, ನಿವೃತ್ತಿಯಾಗಿರುತ್ತಾರೆ. ಅವರು ಯಾವ ವರ್ಷ ಎಷ್ಟು ವಯಲ್ ಬೆರೆಸಿದರೆಂದು ಯಾವ ರಿಜಿಸ್ಟರಿನಲ್ಲೂ ಬರೆದಿರುವುದಿಲ್ಲ. ಪುರಾವೆ ಸಿಗುತ್ತಿಲ್ಲ ಎಂಬುದರ ಅರ್ಧ ಪಾಲು ಪುರಾವೆ ಇಡುತ್ತಿಲ್ಲ ಎಂಬುದೇ.

ಇಲ್ಲಿ ಉತ್ತರ ಕನ್ನಡಕ್ಕೆ ಬೇರೆಲ್ಲೂ ಸಿಗದ ಒಂದು ಹೋಲಿಕೆ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಜೊಯಿಡಾದ ಕಾಡಿನಿಂದ ಇಳಿದುಬರುವ ಕಾಳಿ ನದಿಯ ದಂಡೆಯಲ್ಲೇ, ಘಟ್ಟದ ಕೆಳಗೆ ಕೈಗಾ ಅಣುವಿದ್ಯುತ್ ಸ್ಥಾವರ ನಿಂತಿದೆ. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರಿಗೆ ಟ್ರೀಷಿಯಂ ಇದ್ದ ಭಾರಜಲ ಸೇರಿ ಐವತ್ತರ ಆಸುಪಾಸಿನ ಸಂಖ್ಯೆಯ ಕೆಲಸಗಾರರ ಮೈಗೆ ಹೋಯಿತು. ದೇಶವೇ ಆ ಸುದ್ದಿಗೆ ಬೆಚ್ಚಿತು. ಆದರೆ ಅದು ಬೆಳಕಿಗೆ ಬಂದದ್ದು ಹೇಗೆ? ಅಲ್ಲಿ ಕೆಲಸಗಾರರ ಮೂತ್ರವನ್ನು ನಿಯಮದಂತೆ ಆಗಾಗ ಪರೀಕ್ಷಿಸುತ್ತಾರೆ. ಆ ಪರೀಕ್ಷೆಯಲ್ಲೇ ಅಳತೆ ಮೀರಿದ್ದು ಸಿಕ್ಕಿಬಿತ್ತು, ಮೂಲ ಹುಡುಕಲಾಯಿತು, ತೊಂದರೆಯಾದವರಿಗೆ ಚಿಕಿತ್ಸೆ ಸಿಕ್ಕಿತು. ವಿಕಿರಣದ ಸುತ್ತ ಕಾನೂನಿದೆ, ಮಿತಿಯಿದೆ, ಅಳೆಯುವ ಯಂತ್ರವಿದೆ, ಹೊಣೆ ಹೊರುವ ಅಣುಶಕ್ತಿ ನಿಯಂತ್ರಣ ಮಂಡಳಿಯಿದೆ. ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ತಂತ್ರಜ್ಞರಿಗೂ ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ಇದೆ. ಅದು ಕಾಲಕಾಲಕ್ಕೆ ಲ್ಯಾಬಿಗೆ ಹೋಗಿ ಬರುತ್ತದೆ. ಹಳ್ಳಿಯವರು ಕ್ಯಾನ್ಸರಿಗೆ ‘ಕರೆಂಟ್ ಕೊಡುವುದು’ ಎಂದು ಕರೆಯುವ ರೇಡಿಯೇಶನ್ ವಿಭಾಗದಲ್ಲಿ ದಪ್ಪ ಗೋಡೆ, ಎಚ್ಚರಿಕೆ ದೀಪ, ಬ್ಯಾಡ್ಜ್ ಎಲ್ಲವೂ ಉಂಟು. ಅದೇ ಆಸ್ಪತ್ರೆಯ ಕಿಮೋ ವಾರ್ಡಿನಲ್ಲಿ ವಂಶವಾಹಿಗೆ ಅಷ್ಟೇ ಧಕ್ಕೆ ತರಬಲ್ಲ ವಸ್ತುವನ್ನು ಕೈಯಲ್ಲಿ ಹಿಡಿಯುವ ಸಿಸ್ಟರ್‌ಗೆ ಬ್ಯಾಡ್ಜ್ ಇಲ್ಲ, ಮಿತಿ ಇಲ್ಲ, ಪರೀಕ್ಷೆಯೂ ಇಲ್ಲ. ಫಾಲ್ಕ್ ತಂಡ 1979ರಲ್ಲೇ ತೋರಿಸಿದ ಮೂತ್ರದ ಸಾಕ್ಷ್ಯವನ್ನು ಇಲ್ಲಿ ಯಾರೂ ಹುಡುಕುವುದೇ ಇಲ್ಲ.

ಕಾನೂನಿನಲ್ಲಿ ಏನೂ ಇಲ್ಲವೆಂದಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಕಿಮೋ ಕಸದ ಬಗ್ಗೆ ಚೊಕ್ಕವಾಗಿ ಮಾತನಾಡುತ್ತವೆ. ಔಷಧಿ ತಾಗಿದ ವಯಲ್, ಕೊಳವೆ, ಹತ್ತಿ ಎಲ್ಲವೂ ಹಳದಿ ಚೀಲಕ್ಕೆ ಹೋಗಬೇಕು, ಅದರ ಮೇಲೆ ಪ್ರತ್ಯೇಕ ಗುರುತು ಬೇಕು, 1200 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾದ ಉರಿಯಲ್ಲಿ ಸುಡಬೇಕು. ಇಷ್ಟು ಉಗ್ರ ಬೆಂಕಿ ಬೇಕಾಗುವ ವಸ್ತುವನ್ನು ಆ ಚೀಲಕ್ಕೆ ಹಾಕುವ ಕೈಗೆ ಎಂಥ ಗ್ಲೌಸ್ ಇರಬೇಕೆಂದು ಇಷ್ಟೇ ಖಡಕ್ಕಾಗಿ ಹೇಳುವ ನಿಯಮ ಬೇಡವೇ? ಎನ್‌ಎಬಿಎಚ್ ಎಂಬ ಗುಣಮಟ್ಟದ ಮಾನ್ಯತೆ ಬಯಸುವ ಆಸ್ಪತ್ರೆಗಳು ಕಿಮೋ ಬೆರೆಸುವ ಕ್ರಮವನ್ನು ಸರಿಪಡಿಸಿಕೊಳ್ಳುತ್ತವೆ, ಆದರೆ ಆ ಮಾನ್ಯತೆ ಬೇಕಾದವರು ಪಡೆಯುವಂಥದ್ದು.

ಗರ್ಭಿಣಿಯರ ವಿಷಯದಲ್ಲಂತೂ ಕಾನೂನು ಎದುರು ದಿಕ್ಕಿಗೆ ಮುಖ ಮಾಡಿ ನಿಂತಿದೆ. ಬಸಿರಿಗೆ ಧಕ್ಕೆ ತರುವ ಕೆಲಸ ಕೊಡಬೇಡಿ ಎಂದು ಕೇಳುವ ಹಕ್ಕನ್ನು 1961ರ ಹೆರಿಗೆ ಸೌಲಭ್ಯ ಕಾಯ್ದೆ ಮಹಿಳೆಗೆ ಕೊಟ್ಟಿತ್ತು. ಆದರೆ ಯಾವಾಗ? ಹೆರಿಗೆಯ ದಿನಕ್ಕೆ ಮುಂಚಿನ ಆರು ವಾರ, ಅದಕ್ಕೂ ಹಿಂದಿನ ಒಂದು ತಿಂಗಳು, ಅಷ್ಟೇ. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಲೆಕ್ಕವನ್ನು ಉಳಿಸಿಕೊಂಡಿದೆ. ಭಾರ ಎತ್ತುವ, ಗಂಟೆಗಟ್ಟಲೆ ನಿಲ್ಲುವ ಕೆಲಸವನ್ನು ಮನಸ್ಸಿನಲ್ಲಿಟ್ಟು ಮಾಡಿದ ಲೆಕ್ಕ ಇದು. ಕಿಮೋ ಔಷಧಿಯ ಅಪಾಯ ಹೆಚ್ಚಿರುವುದು ಮೊದಲ ಮೂರು ತಿಂಗಳಲ್ಲಿ. ಭ್ರೂಣದ ಅಂಗಾಂಗಗಳು ಮೂಡುವ ಮೂರರಿಂದ ಎಂಟನೇ ವಾರದಲ್ಲಿ ಎಷ್ಟೋ ಮಹಿಳೆಯರಿಗೆ ತಾವು ಬಸಿರೆಂಬುದೇ ಗೊತ್ತಿರುವುದಿಲ್ಲ. ಗೊತ್ತಾದರೂ ಮೂರು ತಿಂಗಳು ತುಂಬುವ ತನಕ ಹೊರಗೆ ಹೇಳುವ ರೂಢಿ ನಮ್ಮಲ್ಲಿಲ್ಲ. ಹೊರಗುತ್ತಿಗೆಯ ಸಿಸ್ಟರ್ ಆಗಿದ್ದರೆ, ಹೇಳಿದರೆ ಗುತ್ತಿಗೆ ನವೀಕರಣ ಆಗುತ್ತದೋ ಇಲ್ಲವೋ ಎಂಬ ಅಳುಕು ಬೇರೆ. ಹೀಗೆ ರಕ್ಷಣೆ ಬೇಕಾದ ತಿಂಗಳುಗಳಲ್ಲಿ ಕಾನೂನು ಸುಮ್ಮನಿದೆ, ಕಾನೂನು ಮಾತನಾಡುವ ಹೊತ್ತಿಗೆ ಆಗಬೇಕಾದ ಹಾನಿ ಆಗಿರುತ್ತದೆ. ಹೆತ್ತವಳ ಮಡಿಲು ತುಂಬಲೆಂದು ಊರೆಲ್ಲ ಹರಸುವ ನಾಡಿನಲ್ಲಿ, ಬೇರೆಯವರ ಜೀವ ಉಳಿಸುತ್ತಾ ತನ್ನ ಬಸಿರು ಕಳೆದುಕೊಳ್ಳುವ ಹೆಣ್ಣಿನ ಬಗ್ಗೆ ಇಷ್ಟು ಅಲಕ್ಷ್ಯ ಸಲ್ಲದು.

ಇದಕ್ಕೆ ಬರುವ ಮೊದಲ ಆಕ್ಷೇಪ ಖರ್ಚಿನದು. ಬಡ ಜಿಲ್ಲೆಯಲ್ಲಿ ಕಿಮೋ ಶುರುವಾಗುವುದೇ ದೊಡ್ಡದು, ಕ್ಯಾಬಿನೆಟ್ಟು ಕೋಣೆ ಎಂದು ಹಟ ಹಿಡಿದರೆ ಕೇಂದ್ರವೇ ಬರಲಿಕ್ಕಿಲ್ಲ ಎನ್ನುತ್ತಾರೆ. ಮಾತಿನಲ್ಲಿ ತೂಕವಿದೆ. ಆದರೆ ರಕ್ಷಣೆಯ ಎಲ್ಲ ಕ್ರಮಗಳೂ ದುಬಾರಿಯಲ್ಲ. ಕೊಳವೆಯನ್ನು ಮೊದಲು ಬರೀ ಸಲೈನಿನಿಂದ ತುಂಬಿಸಿ ಆಮೇಲೆ ಔಷಧಿಯ ಬಾಟಲಿ ಜೋಡಿಸಿದರೆ ತುದಿಯಿಂದ ಬೀಳುವ ಹನಿ ನಿರಪಾಯದ ಉಪ್ಪುನೀರು ಅಷ್ಟೇ. ಮುಗಿದ ಬಾಟಲಿಯಿಂದ ಕೊಳವೆ ಕೀಳದೆ ಎರಡನ್ನೂ ಒಟ್ಟಿಗೇ ಹಳದಿ ಚೀಲಕ್ಕೆ ಹಾಕಿದರೆ ಇನ್ನೊಂದು ಹನಿ ಉಳಿಯಿತು. ಈ ಎರಡಕ್ಕೂ ಖರ್ಚಾಗುವುದು ತರಬೇತಿಯ ಒಂದು ಗಂಟೆ. ಸರಿಯಾದ ಗ್ಲೌಸ್, ದ್ರವ ಒಳಗಿಳಿಯದ ಗೌನು, ಕನ್ನಡಕ, ಚೆಲ್ಲಿದಾಗ ಒರೆಸುವ ಸ್ಪಿಲ್ ಕಿಟ್ಟುಗಳ ಬೆಲೆ ಔಷಧಿಯ ಬೆಲೆಯ ಮುಂದೆ ಹೆಚ್ಚಲ್ಲ. ದುಬಾರಿಯೆಂದರೆ ಕ್ಯಾಬಿನೆಟ್ ಮತ್ತು ವಯಲಿನಿಂದ ಸಿರಿಂಜಿಗೆ ಹನಿಯೂ ಹೊರಬಾರದಂತೆ ಔಷಧಿ ಎಳೆಯುವ ಮುಚ್ಚಿದ ಉಪಕರಣ. ಜಿಲ್ಲೆಗೊಂದೇ ಕಡೆ ಬೆರೆಸುವ ಕೋಣೆ ಮಾಡಿ, ಬೇರೆಲ್ಲೂ ವಯಲ್ ಒಡೆಯಬಾರದೆಂದು ನಿಯಮ ಮಾಡಿದರೆ ಆ ಖರ್ಚೂ ಒಂದೇ ಕಡೆಯದಾಗುತ್ತದೆ. ಕೆಡದೆ ಉಳಿಯುವ ಔಷಧಿಗಳನ್ನು ಅಲ್ಲಿಂದ ಸಿದ್ಧ ಬಾಟಲಿಯಲ್ಲಿ ಕಳಿಸಬಹುದು. ಜೊಯಿಡಾ, ಹಳಿಯಾಳ, ಮುಂಡಗೋಡದ ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತ ಪರೀಕ್ಷೆ, ವಾಂತಿ ಜ್ವರದ ಆರೈಕೆ, ಔಷಧಿ ವಿಚಾರಣೆ ನಡೆಯಲಿ. ಪುಡಿ ಕರಗಿಸುವ ಕೆಲಸ ಮಾತ್ರ ಅಲ್ಲಿ ಬೇಡ.

ಎರಡನೇ ಆಕ್ಷೇಪ ಭಯದ್ದು. ಇದನ್ನೆಲ್ಲ ಹೇಳಿದರೆ ಸಿಸ್ಟರ್‌ಗಳು ಕಿಮೋ ವಾರ್ಡಿಗೆ ಬರಲೊಲ್ಲರು, ರೋಗಿಗಳು ಹೆದರಿ ಚಿಕಿತ್ಸೆ ಬಿಡುತ್ತಾರೆ ಎಂಬುದು. ಸಿಸ್ಟರ್‌ಗಳಿಗೆ ಅಪಾಯದ ಸುಳಿವು ಇಲ್ಲವೆಂದು ತಿಳಿಯುವುದೇ ತಪ್ಪು. ಗಾಳಿ ಆಡದ ಕೋಣೆಯಲ್ಲಿ ಬೆರೆಸಿದ ದಿನ ಬರುವ ತಲೆನೋವು, ವಾಕರಿಕೆ, ಕಣ್ಣುರಿ, ಕೈಯ ತುರಿಕೆ ಅವರಿಗೆ ಗೊತ್ತೇ ಇದೆ. ಗೊತ್ತಿದ್ದೂ ಕೇಳಲಾಗದೆ ಒಬ್ಬೊಬ್ಬರೇ ನುಂಗಿಕೊಳ್ಳುವುದಕ್ಕಿಂತ, ನಿಯಮ ಇದೆ, ಸಾಮಾನು ಇದೆ, ಕೇಳಿದರೆ ಕೊಡುತ್ತಾರೆ ಎಂಬ ಭರವಸೆ ಅವರನ್ನು ಆ ವಾರ್ಡಿನಲ್ಲಿ ಉಳಿಸುತ್ತದೆ. ಆರು ತಿಂಗಳಿಗೊಮ್ಮೆ ವಾರ್ಡ್ ಬದಲಿಸಿ ಅಪಾಯ ಹಂಚಿಬಿಡೋಣ ಎನ್ನುವವರೂ ಇದ್ದಾರೆ. ಹಾಗೆ ಮಾಡಿದರೆ ತರಬೇತಿ ಪಡೆದ ಕೈ ಹೋಗಿ ತರಬೇತಿಯಿಲ್ಲದ ಕೈ ಬರುತ್ತದೆ, ಚೆಲ್ಲುವುದು ಹೆಚ್ಚುತ್ತದೆ, ರೋಗಿಗೂ ಔಷಧಿ ನರದಾಚೆ ಸೋರಿ ಚರ್ಮ ಕೊಳೆಯುವ ಅಪಾಯ ಏರುತ್ತದೆ. ಕಡಿಮೆ ಜನ, ಪಳಗಿದ ಜನ, ಪೂರ್ತಿ ರಕ್ಷಣೆಯುಳ್ಳ ಜನ ಈ ಕೆಲಸ ಮಾಡುವುದೇ ಎಲ್ಲರಿಗೂ ಕ್ಷೇಮ.

ಪುರಾವೆ ಇನ್ನೂ ಗಟ್ಟಿಯಾಗಲಿ ಎಂದು ಕಾಯುವವರು ಸಿಯಾಟಲ್‌ನ ಸೂ ಕ್ರಂಪ್ ಅವರ ಕತೆ ಕೇಳಬೇಕು. ಎರಡು ದಶಕಕ್ಕೂ ಹೆಚ್ಚು ಕಾಲ ಕಿಮೋ ಬೆರೆಸಿದ ಫಾರ್ಮಸಿಸ್ಟ್ ಆಕೆ; 2009ರಲ್ಲಿ ಮೇದೋಜೀರಕದ ಕ್ಯಾನ್ಸರಿನಿಂದ ತೀರಿಕೊಂಡರು. ಆ ಕೆಲಸದಿಂದಲೇ ಈ ರೋಗ ಬಂತೆಂದು ಒಬ್ಬರ ವಿಷಯದಲ್ಲಿ ಸಾಬೀತು ಮಾಡುವುದು ಯಾರಿಂದಲೂ ಆಗುವುದಿಲ್ಲ. ಆಕೆ ಅದನ್ನು ನಂಬಿದ್ದರು, ಸಾಯುವ ಮುಂಚೆ ಅದನ್ನು ಹೊರಗೆ ಹೇಳಿದರು. ಮರುವರ್ಷ ಪತ್ರಕರ್ತರು ಅವರಂಥ ಹಲವರ ಕತೆಯನ್ನು ಜನರ ಮುಂದಿಟ್ಟರು. 2011ರಲ್ಲಿ ವಾಷಿಂಗ್ಟನ್ ರಾಜ್ಯವು ಇಂಥ ಔಷಧಿ ಮುಟ್ಟುವ ಕೆಲಸಗಾರರ ರಕ್ಷಣೆಗೆ ಕಾನೂನು ತಂದಿತು. ಅಮೆರಿಕದ ರಾಜ್ಯಗಳಲ್ಲಿ ಅದೇ ಮೊದಲು. ಆ ದೇಶದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 2004ರಲ್ಲೇ ಎಚ್ಚರಿಕೆ ಹೊರಡಿಸಿತ್ತು. ಆದರೆ ಎಚ್ಚರಿಕೆ ಸಲಹೆಯಷ್ಟೇ ಆಗಿತ್ತು, ಕಡ್ಡಾಯವಾಗಿರಲಿಲ್ಲ. ಯುರೋಪಿಯನ್ ಒಕ್ಕೂಟ 2022ರಲ್ಲಿ ತನ್ನ ಕೆಲಸದ ಸ್ಥಳದ ಕ್ಯಾನ್ಸರ್‌ಕಾರಕ ನಿಯಮದ ವ್ಯಾಪ್ತಿಗೆ ಅಪಾಯಕಾರಿ ಔಷಧಿಗಳನ್ನೂ ತಂದು, ಅವನ್ನು ಮುಟ್ಟುವವರಿಗೆ ತರಬೇತಿ ಕಡ್ಡಾಯ ಮಾಡಿತು. ಅಲ್ಲೆಲ್ಲ ವ್ಯವಸ್ಥೆ ಬಂದದ್ದು ಹಲವು ದಶಕ ಕಿಮೋ ಕೊಟ್ಟ ಮೇಲೆ. ಕರ್ನಾಟಕದ ಜಿಲ್ಲಾ ಕೇಂದ್ರಗಳು ಈಗಷ್ಟೇ ಬಾಗಿಲು ತೆರೆಯುತ್ತಿವೆ. ಶುರುವಿನಲ್ಲೇ ಸರಿಯಾಗಿ ಕಟ್ಟುವ ಅವಕಾಶ ಅವರಿಗೆ ಸಿಗಲಿಲ್ಲ, ನಮಗೆ ಸಿಕ್ಕಿದೆ.

ಈ ಅಪಾಯ ಸಿಸ್ಟರ್ ಹತ್ತಿರವೇ ನಿಲ್ಲುವುದೂ ಇಲ್ಲ. ಬಾಟಲಿ ತೆಗೆದ ಕಸದ ಡಬ್ಬಿ ಎತ್ತುವ, ರೋಗಿಯ ವಾಂತಿ ಒರೆಸುವ, ಬೆಡ್‌ಪ್ಯಾನ್ ತೊಳೆಯುವ ಆಯಾ ಮತ್ತು ಗುತ್ತಿಗೆಯ ಸ್ವಚ್ಛತಾ ಕೆಲಸಗಾರರಿಗೆ ಸಿಸ್ಟರ್‌ಗಿಂತಲೂ ಕಡಿಮೆ ಮಾಹಿತಿ ಇರುತ್ತದೆ. ಸಂಜೆ ಬಸ್ಸು ಹಿಡಿದು ರೋಗಿ ಊರು ಸೇರಿದ ಮೇಲೆ ಇದೇ ಕೆಲಸ ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ. ಕಿಮೋ ಆದ ಮೇಲೆ ಕಡಿಮೆಯೆಂದರೂ 48 ಗಂಟೆ ರೋಗಿಯ ಮಲ, ಮೂತ್ರ, ವಾಂತಿಯಲ್ಲಿ ಔಷಧಿಯ ಅಂಶ ಹೊರಬರುತ್ತಿರುತ್ತದೆ. ಡಾಕ್ಸೋರುಬಿಸಿನ್ ಪಡೆದವರ ಮೂತ್ರ ಒಂದೆರಡು ದಿನ ಕೆಂಪಾಗಿಯೇ ಹೋಗುವುದು ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. ಅದಕ್ಕೆ ಹೆದರಿ ರೋಗಿಯನ್ನು ದೂರ ಇಡಬೇಕಾಗಿಲ್ಲ. ಜೊತೆಗೆ ಕೂತು ಉಣ್ಣುವುದರಿಂದ, ಕೈ ಹಿಡಿಯುವುದರಿಂದ, ಮಗುವನ್ನು ಅಪ್ಪಿಕೊಳ್ಳುವುದರಿಂದ ಏನೂ ಆಗುವುದಿಲ್ಲ. ಶೌಚದ ನಂತರ ಎರಡು ಸಲ ಧಾರಾಳವಾಗಿ ನೀರು ಹೊಯ್ಯಬೇಕು. ಹೊಲಸಾದ ಬಟ್ಟೆಯನ್ನು ಬರಿಗೈಯಲ್ಲಿ ಕುಕ್ಕದೆ ಗ್ಲೌಸ್ ಹಾಕಿ ಬೇರೆಯಾಗಿ, ಎರಡು ನೀರಿನಲ್ಲಿ ಒಗೆಯಬೇಕು. ಮನೆಯಲ್ಲಿ ಬಸಿರಿ ಇದ್ದರೆ ಆ ಎರಡು ದಿನ ಈ ಕೆಲಸವನ್ನು ಬೇರೆಯವರು ಮಾಡಬೇಕು. ಕಿಮೋ ಮಾತ್ರೆ ನುಂಗಲಾಗದೆಂದು ಅದನ್ನು ಕುಟ್ಟಿ ಪುಡಿ ಮಾಡಬಾರದು. ಇಷ್ಟನ್ನು ಕನ್ನಡ, ಕೊಂಕಣಿ, ಮರಾಠಿಯಲ್ಲಿ ಬಿಡಿಸಿ ಹೇಳುವ ಒಂದು ಹಾಳೆ, ನಾಲ್ಕು ಜೋಡಿ ಗ್ಲೌಸ್ ರೋಗಿಯ ಚೀಲದಲ್ಲಿ ಹೋಗಬೇಕು. ಹಳ್ಳಿಯ ಆಶಾ ಕಾರ್ಯಕರ್ತೆಗೆ ಯಾರ ಮನೆಗೆ ಯಾವ ದಿನ ಕಿಮೋ ಆಗಿ ಬಂದಿದ್ದಾರೆಂದು ಫೋನಿನಲ್ಲಿ ತಿಳಿಸಬೇಕು.

ಆಗಬೇಕಾದ ಕೆಲಸಗಳನ್ನು ಸ್ಪಷ್ಟವಾಗಿಯೇ ಹೇಳಬಹುದು. ಡೇ ಕೇರ್ ಕೇಂದ್ರದ ಟೆಂಡರಿನಲ್ಲಿ ಔಷಧಿಯ ಜೊತೆಗೇ ಗ್ಲೌಸ್, ಗೌನು, ಸ್ಪಿಲ್ ಕಿಟ್ ಸೇರಿಸಬೇಕು. ಒಂದು ಬಂದು ಇನ್ನೊಂದು ಬಾರದ ಸ್ಥಿತಿ ಇರಬಾರದು. ಬೆರೆಸುವ ಸಿಸ್ಟರ್ ಅಥವಾ ಫಾರ್ಮಸಿಸ್ಟ್ ಹೆಸರಿನಲ್ಲಿ ರಿಜಿಸ್ಟರ್ ಇಟ್ಟು ದಿನಾಂಕ, ಔಷಧಿ, ವಯಲ್ ಸಂಖ್ಯೆ ಬರೆಯಬೇಕು. ಅವರು ಬೇರೆ ಊರಿಗೆ ವರ್ಗವಾದರೂ, ಗುತ್ತಿಗೆ ಮುಗಿದರೂ ಅದರ ಪ್ರತಿ ಅವರ ಕೈಯಲ್ಲಿರಬೇಕು. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಉಚಿತವಾಗಿ ಆಗಬೇಕು, ಮೇಜು ಬಾಗಿಲುಗಳನ್ನು ಒರೆಸಿ ಔಷಧಿಯ ಅಂಶ ಅಳೆಯುವ ಪರೀಕ್ಷೆಯನ್ನು ರಾಜ್ಯದ ಯಾವುದಾದರೂ ಒಂದು ಪ್ರಯೋಗಾಲಯ ವಹಿಸಿಕೊಳ್ಳಬೇಕು. ಬಸಿರು ಬಯಸುವವರು, ಬಸಿರಿಯರು, ಹಾಲೂಡಿಸುವವರು ಒಂದು ಚೀಟಿ ಬರೆದುಕೊಟ್ಟರೆ ಮರುದಿನವೇ ಬೇರೆ ವಾರ್ಡಿಗೆ ಹಾಕಬೇಕು. ಕಾರಣ ಕೇಳಬಾರದು, ಸಂಬಳವಾಗಲಿ ಗುತ್ತಿಗೆಯಾಗಲಿ ಕದಲಬಾರದು. ಹೆರಿಗೆ ಕಾನೂನಿನ ಆ ಕೊನೆಯ ವಾರಗಳ ಲೆಕ್ಕವನ್ನು ಕೇಂದ್ರ ತಿದ್ದುವ ತನಕ ರಾಜ್ಯ ಆರೋಗ್ಯ ಇಲಾಖೆ ಒಂದು ಸುತ್ತೋಲೆಯಿಂದಲೇ ಇಷ್ಟನ್ನು ಮಾಡಬಹುದು.

ಕೇಂದ್ರದ ಉದ್ಘಾಟನೆಗೆ ಮುಂಚೆ, ಆಮೇಲೆ ಬೆರೆಸುವ ಪ್ರತಿದಿನವೂ, ಈ ಸಾಮಾನು, ತರಬೇತಿ, ರಿಜಿಸ್ಟರ್ ಎಲ್ಲವನ್ನೂ ಒಂದು ಪಟ್ಟಿಯಲ್ಲಿ ಪರಿಶೀಲಿಸಿ ಸಹಿ ಮಾಡಬೇಕು. ಆ ಸಹಿ ಜಿಲ್ಲಾ ಆಸ್ಪತ್ರೆಯ ಮುಖ್ಯಸ್ಥರದಷ್ಟೇ ಆಗಬಾರದು, ವಾರ್ಡಿನ ಹಿರಿಯ ಸಿಸ್ಟರ್‌ದೂ ಇರಬೇಕು. ಗ್ಲೌಸ್ ಮುಗಿದ ದಿನ, ಕ್ಯಾಬಿನೆಟ್ ಕೆಟ್ಟ ದಿನ ಅವರು ಸಹಿ ಹಾಕದಿದ್ದರೆ ಅಂದು ಬೆರೆಸುವ ಕೆಲಸ ನಿಲ್ಲಬೇಕು. ಆದರೆ ರೋಗಿಯ ಸುತ್ತು ತಪ್ಪಬಾರದು. ಅಂದಿನ ರೋಗಿಗಳನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವ ವಾಹನದ ಖರ್ಚನ್ನು ಇಲಾಖೆ ತನ್ನ ಖಾತೆಯಿಂದ ಕೊಡಬೇಕು.